ಕಕಾಡು: ಬಂಡೆಯ ಮೇಲಿನ ಮೀನು ಎಲ್ಲಿಂದ ಬಂತು?

ಆಸ್ಟ್ರೇಲಿಯಾದ ಉತ್ತರ ಅಂಚಿನಲ್ಲಿ ಉಬಿರ್ ಅಂತ ಒಂದು ಬಂಡೆಗುಡ್ಡ ಇದೆ. ಅಲ್ಲಿ ಮುಂದಕ್ಕೆ ಚಾಚಿಕೊಂಡ ಬಂಡೆಯ ನೆರಳಿನಲ್ಲಿ ಗೋಡೆಯ ತುಂಬ ಮೀನುಗಳ ಚಿತ್ರ. ಬಿಳಿ, ಹಳದಿ, ಕೆಂಪು ಬಣ್ಣದಲ್ಲಿ, ಒಂದರ ಮೇಲೊಂದು, ಜಾಗವೇ ಉಳಿಯದ ಹಾಗೆ. ಅದೇ ಗುಡ್ಡದ ಇನ್ನೊಂದು ಕಡೆ, ತುಂಬ ಎತ್ತರದಲ್ಲಿ, ಮಾಸಿದ ಕೆಂಪು ಗೆರೆಗಳಲ್ಲಿ ಬೇರೆಯದೇ ಪ್ರಾಣಿ. ನಾಯಿಯಂಥ ಮೈ, ಬೆನ್ನಿನ ಮೇಲೆ ಪಟ್ಟೆ. ಅದು ಥೈಲಸೀನ್. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಅದು ಇಲ್ಲವಾಗಿ ಸುಮಾರು 3000 ವರ್ಷ ಆಯಿತು. ಟ್ಯಾಸ್ಮೇನಿಯಾ ದ್ವೀಪದಲ್ಲಿ ಮಾತ್ರ ಉಳಿದುಕೊಂಡಿತ್ತು, ಅಲ್ಲಿನ ಮೃಗಾಲಯದಲ್ಲಿದ್ದ ಕೊನೆಯದೂ 1936ರಲ್ಲಿ ಸತ್ತಿತು.

ಗುಡ್ಡ ಒಂದೇ. ಒಂದು ಕಡೆ ಒಣನೆಲದಲ್ಲಿ ಬೇಟೆಯಾಡುವ ಪ್ರಾಣಿ, ಇನ್ನೊಂದು ಕಡೆ ಅಳಿವೆಯ ಮೀನು. ಯಾಕೆ ಹೀಗೆ?

ಉಬಿರ್ ಇರುವುದು ಕಕಾಡು ರಾಷ್ಟ್ರೀಯ ಉದ್ಯಾನದಲ್ಲಿ. ಹೆಚ್ಚುಕಮ್ಮಿ 20,000 ಚದರ ಕಿ.ಮೀ., ಅಂದರೆ ಕರ್ನಾಟಕದ ಹತ್ತನೇ ಒಂದು ಭಾಗದಷ್ಟು ದೊಡ್ಡದು. 1979ರಲ್ಲಿ ಉದ್ಯಾನ ಅಂತ ಘೋಷಣೆಯಾಯಿತು, 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರಕೃತಿ, ಸಂಸ್ಕೃತಿ ಎರಡೂ ಕಾರಣಕ್ಕೆ ಆ ಪಟ್ಟಿ ಸೇರಿದ ಜಾಗಗಳು ಪ್ರಪಂಚದಲ್ಲಿ ಕಡಿಮೆ. ಇಲ್ಲಿಗೆ ಬರುವವರೂ ಹಾಗೇ ಎರಡು ಭಾಗ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ದೋಣಿಯಲ್ಲಿ ಮೊಸಳೆ, ಹಕ್ಕಿ. ಸಂಜೆ ಗುಡ್ಡ ಹತ್ತಿ ಚಿತ್ರ. ನನಗೆ ಈ ವಿಂಗಡಣೆಯೇ ತಪ್ಪು ಅನಿಸುತ್ತದೆ. ಈ ಜೌಗು ನಾಡಿನಲ್ಲಿ ನೀರು ಹೇಗೆ ಬಂತು, ಹೇಗೆ ಬದಲಾಯಿತು ಅಂತ ತಿಳಿದರೆ ಚಿತ್ರ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ತಿಳಿಯಲು ರಸ್ತೆಯಲ್ಲಿ ಹೋಗುವುದೇ ಒಳ್ಳೆಯ ದಾರಿ.

ಡಾರ್ವಿನ್‌ನಿಂದ ಪೂರ್ವಕ್ಕೆ

ಡಾರ್ವಿನ್ ನಗರದಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಹೋದರೆ ಎಡಕ್ಕೆ ಆರ್ನೆಮ್ ಹೆದ್ದಾರಿ ಸಿಗುತ್ತದೆ. ಅದು ನೇರ ಜಬಿರು ಪಟ್ಟಣಕ್ಕೆ ಹೋಗುತ್ತದೆ. ಡಾರ್ವಿನ್‌ನಿಂದ ಒಟ್ಟು 250 ಕಿ.ಮೀ., ಪೂರ್ತಿ ಡಾಂಬರು. ಮಾಮೂಲಿ ಕಾರು ಸಾಕು. ಎರಡೂ ಬದಿ ಯೂಕಲಿಪ್ಟಸ್ ಕಾಡು, ನಡುನಡುವೆ ಆಳಿಗಿಂತ ಎತ್ತರದ ಹುತ್ತಗಳು. ಹುತ್ತ ಕಂಡರೆ ಹಾವು ನೆನಪಾಗುವ ನಮ್ಮವರಿಗೆ ಇಲ್ಲಿ ಒಂದು ಕ್ಷಣ ಗಾಬರಿಯಾದರೂ ಆಶ್ಚರ್ಯವಿಲ್ಲ. ಎದುರಿನಿಂದ ಬರುವ ರೋಡ್ ಟ್ರೈನ್‌ಗಳ ಬಗ್ಗೆ ಮಾತ್ರ ಎಚ್ಚರ ಇರಲಿ. ಒಂದೇ ಎಂಜಿನ್ನಿಗೆ ಮೂರು ನಾಲ್ಕು ಟ್ರೇಲರ್ ಕಟ್ಟಿಕೊಂಡು 50 ಮೀಟರ್ ಉದ್ದ ಇರುವ ಲಾರಿಗಳು ಅವು. ಹಿಂದಿಕ್ಕುವ ಮುನ್ನ ಎರಡು ಸಲ ಯೋಚಿಸಿ.

ದಾರಿಯಲ್ಲಿ ಮೊದಲು ಸಿಗುವ ಪಾಠ ಫಾಗ್ ಡ್ಯಾಮ್. 1950ರ ದಶಕದಲ್ಲಿ ಹಂಪ್ಟಿ ಡೂ ಎಂಬಲ್ಲಿ ದೊಡ್ಡ ಮಟ್ಟದಲ್ಲಿ ಭತ್ತ ಬೆಳೆಯುವ ಯೋಜನೆ ಹಾಕಿದರು. ಬಯಲು ಸಮತಟ್ಟಾಗಿದೆ, ಮಳೆ ಧಾರಾಳವಾಗಿದೆ, ಭತ್ತಕ್ಕೆ ಇನ್ನೇನು ಬೇಕು ಅನ್ನುವ ಲೆಕ್ಕ. ಗದ್ದೆಗೆ ನೀರು ಕೊಡಲು ಕಟ್ಟಿದ ಒಡ್ಡೇ ಈ ಡ್ಯಾಮ್. ಯೋಜನೆ ಕೆಲವೇ ವರ್ಷಗಳಲ್ಲಿ ಮುಳುಗಿತು. ಕಪ್ಪುಬಿಳುಪಿನ ಮ್ಯಾಗ್‌ಪೈ ಹೆಬ್ಬಾತುಗಳು ಗದ್ದೆಗಿಳಿದು ಎಲ್ಲ ತಿಂದು ಹಾಕಿದವು ಅಂತ ಜನ ನಗುತ್ತಾ ಹೇಳುತ್ತಾರೆ. ಅದು ನಿಜವೇ. ಆದರೆ ಮಣ್ಣಿನ ತೊಂದರೆ, ನೀರು ಹಿಡಿದಿಡಲು, ಹೊರಗೆ ಬಿಡಲು ಬಾರದೆ ಹೋದದ್ದು, ಇವೂ ಅಷ್ಟೇ ಕಾರಣ. ಈ ಬಯಲಿನಲ್ಲಿ ನೀರು ನಾವು ಹೇಳಿದ ಹಾಗೆ ಕೇಳುವುದಿಲ್ಲ. ನಾಲ್ಕು ತಿಂಗಳು ಸಮುದ್ರದ ಹಾಗೆ ನಿಲ್ಲುತ್ತದೆ, ಆಮೇಲೆ ನೆಲ ಬಿರುಕು ಬಿಡುವಷ್ಟು ಒಣಗುತ್ತದೆ. ಭತ್ತ ಹೋಯಿತು, ಒಡ್ಡು ಉಳಿಯಿತು. ಈಗ ಅದು ಹಕ್ಕಿಗಳ ಪಾಲು. ಒಡ್ಡಿನ ಮೇಲೆ ಕಾರಿನಲ್ಲಿ ನಿಧಾನಕ್ಕೆ ಹೋಗುತ್ತಾ ಹಕ್ಕಿ ನೋಡಬಹುದು. ಅಲ್ಲಿ ನಡೆದು ಓಡಾಡಬಾರದು. ಕಾರಣ ಮೊಸಳೆ.

ಅಲ್ಲಿಂದ ಮುಂದೆ ನದಿಗಳು ಒಂದೊಂದಾಗಿ ಅಡ್ಡ ಬರುತ್ತವೆ. ಅಡಿಲೇಡ್, ಮೇರಿ, ವೈಲ್ಡ್‌ಮನ್, ಆಮೇಲೆ ಸೌತ್ ಆಲಿಗೇಟರ್. ಈ ಕೊನೆಯ ಹೆಸರು ಬ್ರಿಟಿಷ್ ನೌಕಾಧಿಕಾರಿ ಫಿಲಿಪ್ ಪಾರ್ಕರ್ ಕಿಂಗ್ ಕೊಟ್ಟದ್ದು. 1820ರ ಸುಮಾರಿಗೆ ಇಲ್ಲಿ ಬಂದಾಗ ಕಂಡ ಮೊಸಳೆಗಳನ್ನು ಆಲಿಗೇಟರ್ ಅಂದುಕೊಂಡ. ಆಸ್ಟ್ರೇಲಿಯಾದಲ್ಲಿ ಆಲಿಗೇಟರ್ ಒಂದೂ ಇಲ್ಲ. ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ನದಿಯನ್ನು ನೋಡಿ. ಕೆಸರು ಬಣ್ಣದ ನೀರು. ಉಬ್ಬರದ ಹೊತ್ತಾದರೆ ಅದು ಸಮುದ್ರದ ಕಡೆಯಿಂದ ಒಳನಾಡಿನ ಕಡೆಗೆ, ಅಂದರೆ ಹಿಂದಕ್ಕೆ ಹರಿಯುತ್ತಿರುತ್ತದೆ. ಈ ನದಿಯಲ್ಲಿ ಉಬ್ಬರದ ನೀರು ಸುಮಾರು ನೂರು ಕಿ.ಮೀ. ಒಳಗೆ ನುಗ್ಗುತ್ತದೆ. ಯಾಕೆಂದರೆ ಬಯಲಿಗೆ ಇಳಿಜಾರೇ ಇಲ್ಲ. ಸಮುದ್ರದ ಉಬ್ಬರದ ಮಟ್ಟಕ್ಕೂ ಇಲ್ಲಿನ ನೆಲಕ್ಕೂ ಇರುವ ಅಂತರ ತುಂಬಾ ಕಡಿಮೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಸೇತುವೆ ದಾಟಿದ ಮೇಲೆ ಸಿಗುವುದು ಮಾಮುಕಲ. ಬೇಸಿಗೆಯ ಕೊನೆಯಲ್ಲಿ ಸುತ್ತಲಿನ ಬಯಲೆಲ್ಲ ಒಣಗಿದಾಗ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿ ಸೇರುತ್ತವೆ. ಕೆಸರಿನೊಳಗೆ ಒಂದು ಜಾತಿಯ ಜೊಂಡಿನ ಗೆಡ್ಡೆ ಇರುತ್ತದೆ. ಕೊಕ್ಕಿನಿಂದ ಗಟ್ಟಿ ಮಣ್ಣು ಅಗೆದು ಅದನ್ನು ತಿನ್ನುತ್ತವೆ. ಗಲಾಟೆ ಎಷ್ಟಿರುತ್ತದೆ ಅಂದರೆ ಪಕ್ಕದವರು ಮಾತಾಡಿದ್ದೂ ಕೇಳಿಸುವುದಿಲ್ಲ.

ಆರು ಕಾಲ

ಡಾರ್ವಿನ್‌ನಲ್ಲಿ ಯಾರನ್ನು ಕೇಳಿದರೂ ಇಲ್ಲಿ ಎರಡೇ ಕಾಲ ಅನ್ನುತ್ತಾರೆ: ಮಳೆಗಾಲ, ಒಣಗಾಲ. ಪ್ರವಾಸಿಗೆ ಅಷ್ಟು ಸಾಕು. ಆದರೆ ಈ ನೆಲದ ಮೂಲ ಜನ ವರ್ಷವನ್ನು ಆರು ಭಾಗ ಮಾಡುತ್ತಾರೆ. ಉತ್ತರ ಭಾಗದವರು ತಮ್ಮನ್ನು ಬಿನಿಂಜ್ ಅಂತಲೂ ದಕ್ಷಿಣದವರು ಮುಂಗುಯ್ ಅಂತಲೂ ಕರೆದುಕೊಳ್ಳುತ್ತಾರೆ. ನಮ್ಮ ರೈತರು ಆರಿದ್ರಾ ಮಳೆ, ಮಘೆ ಮಳೆ ಅಂತ ಒಂದೊಂದು ಮಳೆಗೂ ಒಂದೊಂದು ಕೆಲಸ ಇಟ್ಟುಕೊಂಡ ಹಾಗೆ ಇವರಿಗೂ ಒಂದೊಂದು ಕಾಲಕ್ಕೆ ಒಂದೊಂದು ಕೆಲಸ.

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಗುಜೆವ್ಗ್, ಧಾರಾಕಾರ ಮಳೆಯ ಕಾಲ. ವರ್ಷದ ಮಳೆಯಲ್ಲಿ ಬಹುಪಾಲು ಆಗಲೇ ಸುರಿಯುತ್ತದೆ. ಏಪ್ರಿಲ್‌ನಲ್ಲಿ ಬಾಂಗರೆಂಗ್. ಆಳೆತ್ತರ ಬೆಳೆದ ಹುಲ್ಲನ್ನು ಕೊನೆಯ ಬಿರುಗಾಳಿಗಳು ನೆಲಕ್ಕೆ ಮಲಗಿಸುತ್ತವೆ. ಮೇ ತಿಂಗಳಿನಿಂದ ಯೆಗ್ಗೆ. ಬೆಳಗಿನ ಮಂಜು, ನೈದಿಲೆ, ಸಣ್ಣ ತಂಪು. ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ವುರ್ಗೆಂಗ್, ಅಂದರೆ ಚಳಿ. ಅವರ ಚಳಿ ಅಂದರೆ ರಾತ್ರಿ 17 ಡಿಗ್ರಿ! ಆಮೇಲೆ ಗುರುಂಗ್, ಸುಡುವ ಬೇಸಿಗೆ. ಅಕ್ಟೋಬರ್ ನಡುವಿನಿಂದ ಗುನುಮೆಲೆಂಗ್, ಮಳೆಗೆ ಮುಂಚಿನ ಸೆಕೆ ಮತ್ತು ಗುಡುಗು. ತಾರೀಖು ಯಾವುದೂ ಖಚಿತ ಅಲ್ಲ. ಯಾವ ಹೂ ಅರಳಿತು, ಗಾಳಿ ಯಾವ ಕಡೆಯಿಂದ ಬೀಸಿತು ಅನ್ನುವುದರ ಮೇಲೆ ಕಾಲ ಬದಲಾಗುತ್ತದೆ.

ಇದರಲ್ಲಿ ಯೆಗ್ಗೆ ಮುಖ್ಯ. ಆಗ ಕಾಡಿಗೆ ಬೆಂಕಿ ಇಡುತ್ತಾರೆ. ಹೌದು, ಬೇಕಂತಲೇ. ಹುಲ್ಲು ಇನ್ನೂ ಅರೆಹಸಿ ಇರುತ್ತದೆ, ಹಾಗಾಗಿ ಬೆಂಕಿ ಸಣ್ಣದಾಗಿ ಹರಿದಾಡಿ ಇಬ್ಬನಿಗೆ ತಾನೇ ಆರುತ್ತದೆ. ಅಲ್ಲಲ್ಲಿ ಸುಟ್ಟ ಜಾಗ, ಅಲ್ಲಲ್ಲಿ ಸುಡದ ಜಾಗ. ಅಕ್ಟೋಬರ್‌ನಲ್ಲಿ ಸಿಡಿಲಿಗೆ ದೊಡ್ಡ ಬೆಂಕಿ ಎದ್ದರೂ ಅದಕ್ಕೆ ಹರಡಲು ದಾರಿ ಸಿಗುವುದಿಲ್ಲ. ದಾರಿಯಲ್ಲಿ ಹೊಗೆ ಕಂಡರೆ ಗಾಬರಿ ಬೇಡ. ಹೊಗೆಯ ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ, ಬೆಂಕಿಗೆ ಹೆದರಿ ಹೊರಬರುವ ಮಿಡತೆ, ಹಲ್ಲಿಗಳಿಗಾಗಿ. ಪಕ್ಕದ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ 2006ರಿಂದ ಇದೇ ಪದ್ಧತಿಯಿಂದ ಇಂಗಾಲದ ಹೊಗೆ ಎಷ್ಟು ಕಡಿಮೆಯಾಯಿತು ಅಂತ ಅಳೆದು, ಅದಕ್ಕೆ ಹಣ ಪಡೆಯುವ ಏರ್ಪಾಡೂ ಇದೆ.

ನೀರಿನ ಮೂರು ಅವತಾರ

ಈಗ ಮೊದಲ ಪ್ರಶ್ನೆಗೆ ಬರೋಣ. ಸುಮಾರು 20,000 ವರ್ಷದ ಹಿಂದೆ ಹಿಮಯುಗ ಜೋರಾಗಿತ್ತು. ಭೂಮಿಯ ಎಷ್ಟೋ ನೀರು ಧ್ರುವಗಳ ಕಡೆ ಮಂಜುಗಡ್ಡೆಯಾಗಿ ಕೂತಿತ್ತು. ಸಮುದ್ರ ಈಗಿನದಕ್ಕಿಂತ 120 ಮೀಟರ್‌ನಷ್ಟು ಕೆಳಗಿತ್ತು. ಆಸ್ಟ್ರೇಲಿಯಾ, ನ್ಯೂಗಿನಿ ಎರಡೂ ಸೇರಿ ಒಂದೇ ಭೂಖಂಡ. ಉಬಿರ್ ಗುಡ್ಡದಿಂದ ಸಮುದ್ರ ನೋಡಬೇಕಾದರೆ ನೂರಾರು ಕಿ.ಮೀ. ನಡೆಯಬೇಕಿತ್ತು. ಈಗ ಜೌಗು ಇರುವ ಕಡೆ ಆಗ ಒಣ ಕಣಿವೆ, ಹುಲ್ಲು, ಕುರುಚಲು ಕಾಡು. ಅಲ್ಲಿ ಜನ ಇದ್ದರು. ಜಬಿಲುಕದ ಹತ್ತಿರ ಮಜೆದ್‌ಬೆಬೆ ಎಂಬ ಬಂಡೆಯಾಸರೆಯಲ್ಲಿ ಅಗೆದಾಗ ಉಜ್ಜಿ ಹರಿತ ಮಾಡಿದ ಕಲ್ಲು ಕೊಡಲಿಗಳು, ಅರೆಯುವ ಕಲ್ಲುಗಳು, ಕೆಮ್ಮಣ್ಣಿನ ತುಂಡುಗಳು ಸಿಕ್ಕವು. 2017ರಲ್ಲಿ ಪ್ರಕಟವಾದ ಅಧ್ಯಯನ ಅವುಗಳಲ್ಲಿ ಹಳೆಯವಕ್ಕೆ ಸುಮಾರು 65,000 ವರ್ಷ ಅಂತ ಹೇಳಿತು. ಅಷ್ಟು ಹಳೆಯದಲ್ಲ ಎನ್ನುವ ವಿಜ್ಞಾನಿಗಳೂ ಇದ್ದಾರೆ. ವಾದ ನಡೆಯುತ್ತಿದೆ.

ಹಿಮ ಕರಗಿತು. ಸಮುದ್ರ ಏರುತ್ತಾ ಬಂತು. ಸುಮಾರು 8000 ವರ್ಷದ ಹಿಂದೆ ಉಪ್ಪುನೀರು ಈ ಕಣಿವೆಗಳೊಳಗೆ ನುಗ್ಗಿತು. ಇಳಿಜಾರಿಲ್ಲದ ನೆಲ, ಹಾಗಾಗಿ ಬಹಳ ಒಳಗೆ ಬಂತು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬೆಳೆಯಿತು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಒಂದಿಷ್ಟು ಎಕರೆ ಕಾಂಡ್ಲಾ ಕಂಡರೆ ದೊಡ್ಡದು. ಇಲ್ಲಿ ಆಗ ಕಣಿವೆಗೆ ಕಣಿವೆಯೇ ಕಾಂಡ್ಲಾ. ಜನರ ಊಟ ಬದಲಾಯಿತು. ಆ ಕಾಲದ ಬಂಡೆಯಾಸರೆಗಳ ನೆಲದಲ್ಲಿ ಅಳಿವೆಯ ಚಿಪ್ಪುಗಳು ರಾಶಿಯಾಗಿ ಸಿಗುತ್ತವೆ. ಕಾಂಗರೂ ಹಿಂಡುಗಳ ಹಿಂದೆ ಹೋಗುತ್ತಿದ್ದವರು ಮೀನು, ಚಿಪ್ಪಿಗೆ ಬಂದರು.

ಮೂರನೆಯದು ಇನ್ನೂ ವಿಚಿತ್ರ. ಸಮುದ್ರ ಏರುವುದು ನಿಂತಿತು. ಆದರೆ ಉಬ್ಬರ ಹೊತ್ತು ತರುವ ಕೆಸರು ನಿಲ್ಲಲಿಲ್ಲ. ಕಾಂಡ್ಲಾ ಬೇರುಗಳು ಆ ಹೂಳನ್ನು ಹಿಡಿದಿಟ್ಟವು. ನೆಲ ಸ್ವಲ್ಪ ಸ್ವಲ್ಪವೇ ಎದ್ದಿತು. ಒಂದು ಹಂತದಲ್ಲಿ ಉಬ್ಬರದ ನೀರು ಅಲ್ಲಿಗೆ ಮುಟ್ಟದಾಯಿತು. ಕಾಂಡ್ಲಾ ತಾನೇ ಕಟ್ಟಿದ ನೆಲದಲ್ಲಿ ಬದುಕಲಾರದೆ ಸತ್ತಿತು. ನದಿಯ ದಂಡೆಗಳಲ್ಲಿ ಹೂಳು ಒಡ್ಡಿನಂತೆ ನಿಂತಿತು. ಅದರ ಹಿಂದೆ ಮಳೆನೀರು ತಂಗಿತು. ಜೊಂಡು, ನೈದಿಲೆ, ಕಾಗದದಂಥ ತೊಗಟೆಯ ಪೇಪರ್‌ಬಾರ್ಕ್ ಮರಗಳು ಬಂದವು. ಹೆಬ್ಬಾತು ಬಂದವು. ಅಂದರೆ ಇವತ್ತು ನಾವು ಅನಾದಿ ಕಾಲದ್ದು ಅಂದುಕೊಂಡು ನೋಡುವ ಈ ಸಿಹಿನೀರಿನ ಜೌಗು ಹೆಚ್ಚೆಂದರೆ ಒಂದೆರಡು ಸಾವಿರ ವರ್ಷದ್ದು. ಇಲ್ಲಿನ ಜನ ಅದಕ್ಕಿಂತ ಎಷ್ಟೋ ಹಳಬರು. ಜೌಗು ಹುಟ್ಟಿದ್ದನ್ನು ಅವರು ನೋಡಿದ್ದಾರೆ.

ನೋಡಿದ್ದಷ್ಟೇ ಅಲ್ಲ, ಬರೆದಿದ್ದಾರೆ. ಚೆಕೊಸ್ಲೊವಾಕಿಯಾದಿಂದ ಬಂದು ಡಾರ್ವಿನ್‌ನಲ್ಲಿ ನೆಲೆಸಿದ ಜಾರ್ಜ್ ಚಲುಪ್ಕಾ ದಶಕಗಟ್ಟಲೆ ಈ ಬಂಡೆಗಳನ್ನು ಸುತ್ತಿ, ಚಿತ್ರಗಳನ್ನು ನೀರಿನ ಈ ಬದಲಾವಣೆಗೆ ಹೊಂದಿಸಿ ಜೋಡಿಸಿದರು. ಎಲ್ಲಕ್ಕಿಂತ ಕೆಳಗಿನ ಪದರಗಳಲ್ಲಿ ದೊಡ್ಡ ಕಾಂಗರೂ, ಥೈಲಸೀನ್, ಎಮು, ಬೂಮರಾಂಗ್ ಹಿಡಿದು ಓಡುವ ತೆಳ್ಳನೆಯ ಮನುಷ್ಯರು. ಬಯಲು ನಾಡಿನ ಆಯುಧ ಬೂಮರಾಂಗ್. ಮರ ಒತ್ತಾದ ಮೇಲೆ ಅದು ಚಿತ್ರಗಳಲ್ಲಿ ಕಡಿಮೆಯಾಗುತ್ತದೆ. ಅಳಿವೆಯ ಕಾಲದಲ್ಲಿ ಮೀನು, ಉಪ್ಪುನೀರಿನ ಮೊಸಳೆ ಕಾಣಿಸಿಕೊಳ್ಳುತ್ತವೆ. ಕೊನೆಗೆ ಹೆಬ್ಬಾತು, ಹೆಬ್ಬಾತಿನ ಗರಿಯ ಬೀಸಣಿಗೆ. ಅದರ ಮೇಲೆ ಹಡಗು, ಬಂದೂಕು. ಉಬಿರ್‌ನ ಗೋಡೆಯಲ್ಲಿ ಬಿಳಿಯನೊಬ್ಬನ ಚಿತ್ರವೂ ಇದೆ.

ಈ ಜೋಡಣೆಯ ಎಲ್ಲ ವಿವರವನ್ನೂ ಎಲ್ಲರೂ ಒಪ್ಪುವುದಿಲ್ಲ. ಕಾರಣ ಸರಳ. ಕಾಲ ಅಳೆಯುವ ಸುಲಭದ ವಿಧಾನಕ್ಕೆ ಇಂಗಾಲ ಬೇಕು. ಕೆಮ್ಮಣ್ಣು ಕಬ್ಬಿಣದ ಖನಿಜ, ಅದರಲ್ಲಿ ಇಂಗಾಲ ಇಲ್ಲ. ಹಾಗಾಗಿ ಸುತ್ತು ಬಳಸಿ ಲೆಕ್ಕ ಹಾಕಬೇಕು. ಚಿತ್ರದ ಮೇಲೆ ಕಣಜ ಕಟ್ಟಿದ ಮಣ್ಣಿನ ಗೂಡು ಎಷ್ಟು ಹಳೆಯದು? ಚಿತ್ರದಲ್ಲಿರುವ ಪ್ರಾಣಿ ಯಾವಾಗ ಇಲ್ಲವಾಯಿತು? ಒಂದು ಜಾತಿಯ ಕಲಾಕೃತಿಗೆ ಮಾತ್ರ ನೇರವಾಗಿ ಕಾಲ ಹೇಳಬಹುದು. ಅವನ್ನು ಜೇನುಮೇಣದ ಸಣ್ಣ ಉಂಡೆಗಳನ್ನು ಬಂಡೆಗೆ ಒತ್ತಿ ಮಾಡಿರುತ್ತಾರೆ, ಮೇಣದಲ್ಲಿ ಇಂಗಾಲ ಇರುತ್ತದೆ.

ಉಬಿರ್‌ನ ಗೋಡೆ

ಜಬಿರುವಿನಿಂದ ಉತ್ತರಕ್ಕೆ 40 ಕಿ.ಮೀ. ಹೋದರೆ ಉಬಿರ್. ದೊಡ್ಡ ಗೋಡೆಯ ಮುಂದೆ ನಿಂತು ಒಂದೇ ಒಂದು ಮೀನನ್ನು ಆರಿಸಿಕೊಳ್ಳಿ. ಬಾರಮಂಡಿ ಆದರೆ ಒಳ್ಳೆಯದು. ಕೋಲ್ಕತ್ತದವರು ಭೆಟ್ಕಿ ಅನ್ನುವ ಮೀನು ಇದೇ. ನಮ್ಮ ಕರಾವಳಿಯ ಅಳಿವೆಗಳಲ್ಲೂ ಸಿಗುತ್ತದೆ. ಮೊದಲು ಹೊರಗೆರೆ ನೋಡಿ. ತಲೆಯ ಮೇಲೆ ತಗ್ಗಾಗಿ ಬೆನ್ನು ಏಕಾಏಕಿ ಏರುವ ಆ ಗೂನು ಬಾರಮಂಡಿಯದೇ. ಆಮೇಲೆ ಒಳಗೆ ನೋಡಿ. ಉದ್ದಕ್ಕೆ ಬೆನ್ನುಮೂಳೆ, ಅದರ ಕೆಳಗೆ ಗಾಳಿಚೀಲ, ಕರುಳು, ಪಿತ್ತಕೋಶ, ಒಂದೊಂದೂ ಅದರದರ ಜಾಗದಲ್ಲಿ. ಇದಕ್ಕೆ ಎಕ್ಸ್‌ರೇ ಶೈಲಿ ಅಂತಾರೆ. ಬರೆದವನು ಈ ಮೀನನ್ನು ಕೊಯ್ದಿದ್ದಾನೆ, ಹಂಚಿದ್ದಾನೆ, ತಿಂದಿದ್ದಾನೆ. ಯಾವ ಭಾಗದಲ್ಲಿ ಕೊಬ್ಬು ಜಾಸ್ತಿ, ಯಾವುದು ಯಾರ ಪಾಲು ಅಂತ ಅವನಿಗೆ ಗೊತ್ತು. ಕಣ್ಣಿಗೆ ಕಂಡದ್ದನ್ನು ಬರೆಯುವುದು ಒಂದು ಬಗೆ. ತನಗೆ ಗೊತ್ತಿರುವುದನ್ನು ಬರೆಯುವುದು ಇನ್ನೊಂದು ಬಗೆ. ಇದು ಎರಡನೆಯದು.

ಬಣ್ಣಗಳೆಲ್ಲ ಸುತ್ತಲಿನ ನೆಲದವು. ಕೆಂಪಿಗೆ, ಹಳದಿಗೆ ಕಬ್ಬಿಣದ ಅಂಶದ ಮಣ್ಣು, ಬಿಳಿಗೆ ಜೇಡಿ, ಕಪ್ಪಿಗೆ ಇದ್ದಿಲು. ಕಲ್ಲಿನ ಮೇಲೆ ತೇದು ನೀರು ಬೆರೆಸಿ, ನಾರಿನ, ಕೂದಲಿನ ಕುಂಚದಲ್ಲಿ ಬರೆಯುತ್ತಿದ್ದರು. ಕೆಲವೊಮ್ಮೆ ಬಾಯಿಯಲ್ಲಿ ಬಣ್ಣ ತುಂಬಿಕೊಂಡು ಗೋಡೆಗಿಟ್ಟ ಕೈಯ ಮೇಲೆ ಉಗುಳಿ ಅಂಗೈಯ ಅಚ್ಚು ಮೂಡಿಸುತ್ತಿದ್ದರು. ಬಿಳಿ, ಹಳದಿ ಬಂಡೆಯ ಮೇಲೆ ಪೊರೆಯಾಗಿ ಕೂರುತ್ತವೆ, ಬೇಗ ಉದುರುತ್ತವೆ. ಕೆಂಪು ಮಾತ್ರ ಮರಳುಗಲ್ಲಿನೊಳಗೆ ಇಳಿಯುತ್ತದೆ. ಬಹಳ ಹಳೆಯ ಚಿತ್ರಗಳೆಲ್ಲ ಕೆಂಪಗೆ ಇರುವುದು ಅದಕ್ಕೇ. ಆಗಿನವರು ಕೆಂಪಿನಲ್ಲೇ ಬರೆಯುತ್ತಿದ್ದರು ಅಂತಲ್ಲ. ಉಳಿದದ್ದು ಕೆಂಪು, ಅಷ್ಟೇ.

ಬಂಡೆಯ ಬಗ್ಗೆಯೂ ಒಂದು ಮಾತು. ಆರ್ನೆಮ್ ಲ್ಯಾಂಡ್ ಪ್ರಸ್ಥಭೂಮಿಯ ಈ ಮರಳುಗಲ್ಲು 160 ಕೋಟಿ ವರ್ಷಕ್ಕೂ ಹಳೆಯದು, ತುಂಬಾ ಗಟ್ಟಿ. ಅಂಚು ಕಡಿದಾಗಿ ನೂರಾರು ಕಿ.ಮೀ. ಉದ್ದಕ್ಕೆ ನಿಂತಿದೆ. ಡೈನೊಸಾರ್‌ಗಳ ಕಾಲದಲ್ಲಿ ಇದೇ ಸಮುದ್ರದಂಡೆಯ ಬಂಡೆಸಾಲು. ಅಡಿಯ ಮೆದು ಕಲ್ಲು ಸವೆದು ಮೇಲಿನದು ಸೂರಿನಂತೆ ಚಾಚಿದೆ. ಮಳೆ ಗೋಡೆಗೆ ಬಡಿಯುವುದಿಲ್ಲ. ಹೀಗಾಗಿ ಇಷ್ಟೊಂದು ಚಿತ್ರ ಉಳಿದಿವೆ. ಉದ್ಯಾನದಲ್ಲಿ ದಾಖಲಾದ ಚಿತ್ರತಾಣಗಳೇ 5000ಕ್ಕೂ ಹೆಚ್ಚು.

ಹಳೆಯ ಚಿತ್ರದ ಮೇಲೆ ಹೊಸದು ಬರೆದದ್ದು ನೋಡಿ ನಮಗೆ ಅಯ್ಯೋ ಅನಿಸುತ್ತದೆ. ಅವರ ಲೆಕ್ಕ ಬೇರೆ. ಎಷ್ಟೋ ಸಲ ಉಳಿದ ಚಿತ್ರಕ್ಕಿಂತ ಬರೆಯುವ ಕೆಲಸವೇ ದೊಡ್ಡದು. ಕತೆ ಹೇಳುವಾಗ ಬರೆಯುತ್ತಾರೆ, ಬೇಟೆ ಚೆನ್ನಾಗಿ ಆಗಲಿ ಅಂತ ಬರೆಯುತ್ತಾರೆ. ಯಾವ ಕತೆಯನ್ನು ಯಾರು ಬರೆಯಬಹುದು ಅನ್ನುವುದಕ್ಕೆ ನಿಯಮ ಇದೆ. ಫಲಕದಲ್ಲಿ ನಾವು ಓದುವುದು ಮಕ್ಕಳಿಗೆ ಹೇಳುವ ಮೊದಲ ಹಂತದ ಕತೆ. ಮುಂದಿನದು ಹೊರಗಿನವರಿಗಲ್ಲ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ, ಅಲ್ವಾ?

ಗುಡ್ಡದ ನೆತ್ತಿಗೆ ಹತ್ತಿದರೆ ನಾದಬ್ ಬಯಲು ಕಾಣುತ್ತದೆ. ಹಸಿರು ಅಂದರೆ ಕಣ್ಣು ಕುಕ್ಕುವ ಹಸಿರು. ಕೆಳಗಿನ ಗೋಡೆಯಲ್ಲಿರುವ ಮೀನು, ಆಮೆಗಳ ಮನೆ ಅಲ್ಲೇ ಎದುರಿಗೆ.

ದಾಟುವ ಜಾಗ

ಉಬಿರ್ ಪಕ್ಕದಲ್ಲೇ ಈಸ್ಟ್ ಆಲಿಗೇಟರ್ ನದಿ. ಅದಕ್ಕೆ ಅಡ್ಡಲಾಗಿ ಕಾಹಿಲ್ಸ್ ಕ್ರಾಸಿಂಗ್ ಎಂಬ ಕಾಂಕ್ರೀಟ್ ದಾರಿ ಹಾಕಿದ್ದಾರೆ. ಸೇತುವೆ ಅಲ್ಲ, ನೀರಿನ ಮಟ್ಟದಲ್ಲೇ ಇರುವ ದಾರಿ. ಆ ಕಡೆ ಆರ್ನೆಮ್ ಲ್ಯಾಂಡ್, ಮೂಲ ಜನರ ನೆಲ. ಹೋಗಲು ನಾರ್ದರ್ನ್ ಲ್ಯಾಂಡ್ ಕೌನ್ಸಿಲ್‌ನ ಪರವಾನಗಿ ಬೇಕು. ಉಬ್ಬರ ಏರಿದಾಗ ನೀರು ಕಾಂಕ್ರೀಟಿನ ಮೇಲೆ ಹಿಂದುಮುಂದಾಗಿ ಹರಿಯುತ್ತದೆ. ಅದರ ಜೊತೆ ಮಲೆಟ್ ಮೀನುಗಳು ದಾರಿ ದಾಟುತ್ತವೆ. ಮೊಸಳೆಗಳಿಗೆ ಇದು ಗೊತ್ತು. ಉಬ್ಬರದ ಹೊತ್ತಿಗೆ ಸರಿಯಾಗಿ ಬಂದು ಸಾಲಾಗಿ ಬಾಯಿ ತೆರೆದು ಕಾಯುತ್ತವೆ. ದಂಡೆಯ ಮೇಲಿನ ಕಟ್ಟೆಯಿಂದ ಇದನ್ನೆಲ್ಲ ನೋಡಬಹುದು. ಸುಮ್ನೆ ಧೈರ್ಯ ಮಾಡಿ ದಾಟಲು ಹೋಗಿ ಕಾರು ಕೊಚ್ಚಿಸಿಕೊಂಡವರು ಬೇಕಾದಷ್ಟು ಜನ.

ಉಪ್ಪುನೀರಿನ ಮೊಸಳೆ ಆರು ಮೀಟರ್‌ವರೆಗೂ ಬೆಳೆಯಬಲ್ಲದು. ದಾಂಡೇಲಿಯಲ್ಲೋ ರಂಗನತಿಟ್ಟಿನಲ್ಲೋ ನಾವು ನೋಡುವ ಮೊಸಳೆ ಬೇರೆ ಜಾತಿ. ಇದರ ನಾಲಿಗೆಯಲ್ಲಿ ಉಪ್ಪನ್ನು ಹೊರಹಾಕುವ ಗ್ರಂಥಿಗಳಿವೆ. ಹಾಗಾಗಿ ಸಮುದ್ರದಲ್ಲೂ ಇರುತ್ತದೆ, ನೂರು ಕಿ.ಮೀ. ಒಳಗಿನ ಸಿಹಿನೀರಿನ ಮಡುವಿನಲ್ಲೂ ಇರುತ್ತದೆ. ಹೆಸರು ನೋಡಿ ಸಿಹಿನೀರಿಗೆ ಇಳಿಯಬೇಡಿ. ಚರ್ಮಕ್ಕಾಗಿ ಕೊಂದು ಕೊಂದು ಈ ಪ್ರಾಂತ್ಯದಲ್ಲಿ ಅವು ಸುಮಾರು 3000ಕ್ಕೆ ಇಳಿದಿದ್ದವು. 1971ರಲ್ಲಿ ಬೇಟೆ ನಿಷೇಧವಾಯಿತು. ಈಗ ಒಂದು ಲಕ್ಷ ಇವೆ ಅಂತ ಅಂದಾಜು.

ಮಿಂಚಿನ ಮನುಷ್ಯ

ಜಬಿರುವಿನಿಂದ ದಕ್ಷಿಣಕ್ಕೆ ಬುರುಂಗುಯ್ ಎಂಬ ಇನ್ನೊಂದು ಬಂಡೆಬೆಟ್ಟ. ಅಲ್ಲಿನ ಗೋಡೆಯಲ್ಲಿ ನಮರ್ಗೊನ್ ಇದ್ದಾನೆ, ಮಿಂಚಿನ ಮನುಷ್ಯ. ಕೈಕಾಲಿನ ಸುತ್ತ ಬಿಳಿಯ ಪಟ್ಟಿಯಾಗಿ ಮಿಂಚು, ಮೊಣಕಾಲು, ಮೊಣಕೈಗಳಲ್ಲಿ ಕಲ್ಲು ಕೊಡಲಿ. ಅದರಿಂದ ಮೋಡ ಸೀಳುತ್ತಾನೆ. ಗುನುಮೆಲೆಂಗ್‌ನ ಗುಡುಗು ಶುರುವಾಗುವ ಹೊತ್ತಿಗೆ ಈ ಬಂಡೆಗಳ ನಡುವೆ ಕಿತ್ತಳೆ, ನೀಲಿ ಬಣ್ಣದ ಒಂದು ಮಿಡತೆ ಕಾಣಿಸುತ್ತದೆ. ಹೆಸರು ಅಲ್ಯುರ್. ಅವು ನಮರ್ಗೊನ್‌ನ ಮಕ್ಕಳು, ಅಪ್ಪನನ್ನು ಹುಡುಕಿಕೊಂಡು ಬರುತ್ತವೆ ಅನ್ನುತ್ತಾರೆ. ಮಿಡತೆ ಬಂತು ಅಂದರೆ ಮಳೆ ಹತ್ತಿರ ಅಂತ ಲೆಕ್ಕ.

ಈ ಗೋಡೆಯ ಮುಖ್ಯ ಚಿತ್ರಗಳು ನೋಡಲು ಪುರಾತನ. ಆದರೆ ಈಗ ಕಾಣುವ ರೂಪ 1960ರ ದಶಕದ ಮೊದಲರ್ಧದ್ದು. ನಯೊಂಬೊಲ್ಮಿ ಎಂಬ ಹೆಸರಾಂತ ಚಿತ್ರಕಾರ ಹಳೆಯ ಚಿತ್ರಗಳ ಜಾಗದಲ್ಲೇ ಬರೆದದ್ದು. ಕೆಲವು ಪ್ರವಾಸಿಗರಿಗೆ ಇದು ತಿಳಿದಾಗ ನಿರಾಸೆ. ನನಗೆ ಹಾಗನಿಸುವುದಿಲ್ಲ. ಸಾವಿರಾರು ವರ್ಷದ ಸರಪಳಿ ನಮ್ಮ ಅಜ್ಜಂದಿರ ಕಾಲದವರೆಗೂ ಬಂಡೆಯ ಮೇಲೇ ನಡೆದು ಬಂದಿದೆ ಅನ್ನುವುದು ಚಿಕ್ಕ ವಿಷಯ ಅಲ್ಲ. ಆಮೇಲೆ ಅದು ತೊಗಟೆಗೆ, ಕಾಗದಕ್ಕೆ ಬಂತು. ಆರ್ನೆಮ್ ಲ್ಯಾಂಡ್‌ನ ಗುನ್ಬಲಾನ್ಯದಲ್ಲಿ ಇಂಜಲಕ್ ಕಲಾಕೇಂದ್ರದವರು ಇವತ್ತಿಗೂ ಅದೇ ಗೆರೆಗಳನ್ನು ಎಳೆಯುತ್ತಾರೆ.

ನಡುವಿನ ಜಬಿರು ಪಟ್ಟಣದ ಕತೆ ಬೇರೆ. ಅದು ಹುಟ್ಟಿದ್ದೇ ರೇಂಜರ್ ಯುರೇನಿಯಂ ಗಣಿಗಾಗಿ. ಗಣಿ ಉದ್ಯಾನದ ನಡುವೆ ಇದ್ದರೂ ನಕ್ಷೆಯಲ್ಲಿ ಹೊರಗೆ. 2021ರ ಜನವರಿಯಲ್ಲಿ ಅದಿರು ಸಂಸ್ಕರಣೆ ನಿಂತಿತು. ಪಕ್ಕದ ಜಬಿಲುಕದಲ್ಲೂ ಗಣಿ ಮಾಡಲು ಹೊರಟಾಗ ಆ ನೆಲದ ಮಿರಾರ್ ಜನ, ಹಿರಿಯೆ ಇವೊನ್ ಮಾರ್ಗರುಲಾ ಅವರ ಮುಂದಾಳತ್ವದಲ್ಲಿ, 1998ರಲ್ಲಿ ತಿಂಗಳುಗಟ್ಟಲೆ ತಡೆದರು. ಮಜೆದ್‌ಬೆಬೆ ಇರುವುದು ಅದೇ ಗುತ್ತಿಗೆ ನೆಲದಲ್ಲಿ. 2024ರಲ್ಲಿ ಸರ್ಕಾರ ಆ ಗುತ್ತಿಗೆ ಮುಂದುವರಿಸದಿರಲು ತೀರ್ಮಾನಿಸಿತು. ಉದ್ಯಾನದ ಆಡಳಿತ ಮಂಡಳಿಯಲ್ಲೂ ಮೂಲ ಒಡೆಯರದೇ ಬಹುಮತ. ಅವರು ತಮ್ಮ ನೆಲವನ್ನು ಸರ್ಕಾರಕ್ಕೆ ಗುತ್ತಿಗೆ ಕೊಟ್ಟಿದ್ದಾರೆ.

ತಾವರೆ, ಎಮ್ಮೆ ಮತ್ತು ಒಂದು ಹುಳು

ಇನ್ನೂ ದಕ್ಷಿಣಕ್ಕೆ ಕುಯಿಂಡಾ, ಅಲ್ಲಿ ಯೆಲ್ಲೋ ವಾಟರ್ ಎಂಬ ದೊಡ್ಡ ಮಡು. ಬೆಳಗಿನ ಮೊದಲ ದೋಣಿಗೇ ಹೋಗಿ. ಉದ್ಯಾನದಲ್ಲಿ 280ರಷ್ಟು ಜಾತಿಯ ಹಕ್ಕಿಗಳಿವೆ, ಆಸ್ಟ್ರೇಲಿಯಾದ ಹಕ್ಕಿಗಳಲ್ಲಿ ಮೂರನೇ ಒಂದು ಭಾಗ. ನಮ್ಮವರಿಗೆ ಇಲ್ಲಿ ಪರಿಚಯದ ಮುಖಗಳೂ ಸಿಗುತ್ತವೆ. ನೀರಿನ ಮೇಲೆ ಅರಳಿರುವುದು ನಮ್ಮದೇ ತಾವರೆ, ಅದೇ ಜಾತಿ. ಜಬಿರು ಅಂತ ಇವರು ಕರೆಯುವ ಕಪ್ಪು ಕತ್ತಿನ ಎತ್ತರದ ಕೊಕ್ಕರೆ ಭಾರತದಲ್ಲೂ ಇದೆ, ಇಲ್ಲಿನಷ್ಟು ಸುಲಭವಾಗಿ ಕಾಣುವುದಿಲ್ಲ.

ಎಮ್ಮೆಯೂ ಏಷ್ಯಾದಿಂದಲೇ ಬಂದದ್ದು. 1820ರಿಂದ 40ರ ದಶಕಗಳಲ್ಲಿ ಬ್ರಿಟಿಷರು ಮಾಂಸಕ್ಕೆಂದು ತಿಮೋರ್ ಕಡೆಯಿಂದ ತಂದರು. ಠಾಣೆ ಬಿಟ್ಟು ಹೋಗುವಾಗ ಎಮ್ಮೆಗಳನ್ನೂ ಬಿಟ್ಟು ಹೋದರು. ಅವು ಹೆಚ್ಚಿ ಬಯಲಿನ ಒಡ್ಡುಗಳನ್ನು ತುಳಿದು ಕಾಲುವೆ ಮಾಡಿದವು. ಉಬ್ಬರದ ಉಪ್ಪು ಅಲ್ಲಿಂದ ಒಳಗೆ ಬಂತು, ಪೇಪರ್‌ಬಾರ್ಕ್ ಒಣಗಿತು, ತಾವರೆ ಕಾಣೆಯಾಯಿತು. 1980ರ ದಶಕದಲ್ಲಿ ಜಾನುವಾರು ಕ್ಷಯ ನಿರ್ಮೂಲನೆಯ ಹೆಸರಿನಲ್ಲಿ ಎಮ್ಮೆಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂದರು. ಆಮೇಲೆ ಗಿಡಗಳು ಮರಳಿದವು.

ಇನ್ನೊಂದು ಕೊಂಡಿ ನೇರ ಬೆಂಗಳೂರಿಗೆ ಬರುತ್ತದೆ. ಸಾಲ್ವೀನಿಯಾ ಎಂಬ ತೇಲುವ ಜರೀಗಿಡ, ಕೇರಳದವರು ಆಫ್ರಿಕನ್ ಪಾಯಲ್ ಅನ್ನುವುದು, 1983ರಲ್ಲಿ ಕಕಾಡುವಿನ ಮಗೇಲ ತೊರೆಯಲ್ಲಿ ಕಾಣಿಸಿತು. ನೀರು ಮುಚ್ಚಿ ಕೆಳಗಿನ ಜೀವಗಳ ಉಸಿರು ಕಟ್ಟಿಸುವ ಕಳೆ. ಅದನ್ನು ಮಾತ್ರ ತಿನ್ನುವ, ಮೂಲತಃ ಬ್ರೆಜಿಲ್‌ನ ಒಂದು ಪುಟ್ಟ ಸೊಂಡಿಲುಹುಳುವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಆಗಲೇ ಪತ್ತೆ ಮಾಡಿದ್ದರು. ಕಕಾಡುವಿಗೆ ಅದನ್ನೇ ಬಿಟ್ಟರು. ಅದೇ ಹೊತ್ತಿಗೆ ಆಸ್ಟ್ರೇಲಿಯಾದಿಂದ ಭಾರತಕ್ಕೂ ತಂದು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟರು. ವರ್ಷದೊಳಗೆ ಕಳೆ ಕುಸಿಯಿತು.

ಆದರೆ ಸಮುದ್ರವನ್ನು ತಿನ್ನುವ ಹುಳು ಇಲ್ಲವಲ್ಲ. ಪಕ್ಕದ ಮೇರಿ ನದಿಯ ಬಯಲಿನಲ್ಲಿ 1940ರ ದಶಕದಿಂದ ಉಬ್ಬರದ ತೊರೆಗಳು ಒಳಕ್ಕೆ ಚಾಚುತ್ತಾ ಹೋಗಿ ದೊಡ್ಡ ಪೇಪರ್‌ಬಾರ್ಕ್ ಕಾಡುಗಳನ್ನು ಕೊಂದಿವೆ. ತಡೆಯಲು ಅಲ್ಲಲ್ಲಿ ಒಡ್ಡು ಹಾಕಿದ್ದಾರೆ. ಕಕಾಡುವಿನ ಬಯಲೂ ಉಬ್ಬರದ ಮಟ್ಟಕ್ಕಿಂತ ಕೊಂಚವೇ ಮೇಲೆ. ಸಮುದ್ರ ಮತ್ತೆ ಏರುತ್ತಿದೆ. ಮೂರನೇ ಅವತಾರದಿಂದ ನೀರು ಎರಡನೆಯದಕ್ಕೆ ಹಿಂದಿರುಗಬಹುದು. ಆಗ ಮೊದಲು ಹೋಗುವುದು ಹೆಬ್ಬಾತು, ಉದ್ದ ಕತ್ತಿನ ಆಮೆ, ತಾವರೆ. ಬಿನಿಂಜ್ ಹೆಂಗಸರು ಕಾಲಿನಲ್ಲಿ ತಡಕಿ ಹಿಡಿಯುವ ನೀರುಹಾವು ಸಹ.

ಹೊರಡುವವರಿಗೆ ಒಂದೆರಡು ಮಾತು. ಮೇ ಕೊನೆಯಿಂದ ಆಗಸ್ಟ್ ಆರಾಮದ ಕಾಲ. ಹೆಬ್ಬಾತುಗಳ ಜಾತ್ರೆ ಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್, ಸೆಕೆ ತಡೆಯುವ ಹಾಗಿದ್ದರೆ ಮಾತ್ರ. ಮಳೆಗಾಲದಲ್ಲಿ ಉಬಿರ್ ರಸ್ತೆ ಎಷ್ಟೋ ಸಲ ನೀರಿನಡಿ ಇರುತ್ತದೆ. ಜಿಮ್ ಜಿಮ್ ಜಲಪಾತದ ದಾರಿಗೆ ಫೋರ್ ವೀಲ್ ಡ್ರೈವ್ ಬೇಕು, ಅದೂ ಒಣಗಾಲದಲ್ಲಿ ಮಾತ್ರ. ಉದ್ಯಾನದ ಪಾಸ್ ಮುಂಚೆಯೇ ತೆಗೆದುಕೊಳ್ಳಿ. ಚಿತ್ರಗಳನ್ನು ಮುಟ್ಟಬೇಡಿ. ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ, ಸಣ್ಣ ಕಾಂಗರೂವಿನಂಥ ವಾಲಬಿ, ಎಮ್ಮೆ ಎರಡೂ ರಸ್ತೆಗೆ ಬರುತ್ತವೆ. ಸಾಧ್ಯವಾದರೆ ಯೆಲ್ಲೋ ವಾಟರ್‌ನ ದೋಣಿ ಮೊದಲು ಮುಗಿಸಿ, ಉಬಿರ್ ಆಮೇಲೆ ಇಟ್ಟುಕೊಳ್ಳಿ. ಜೀವಂತ ಮೀನು, ಆಮೆ, ಹೆಬ್ಬಾತು ನೋಡಿ ಹೋದವರಿಗೆ ಗೋಡೆಯ ಮೇಲಿನವು ತಕ್ಷಣ ಗುರುತು ಸಿಗುತ್ತವೆ. ವಾಪಸ್ ಬರುವಾಗ ಅದೇ ದಾರಿ ಬೇಡ ಅಂದರೆ ಕಕಾಡು ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಪೈನ್ ಕ್ರೀಕ್‌ಗೆ ಹೋಗಿ ಸ್ಟುವರ್ಟ್ ಹೆದ್ದಾರಿ ಸೇರಬಹುದು. ಅಲ್ಲಿಂದ ಡಾರ್ವಿನ್‌ಗೆ ಇನ್ನೂರು ಕಿ.ಮೀ. ಚಿಲ್ಲರೆ. ಕುಯಿಂಡಾ ಬಿಡುವ ಮುನ್ನ ಪೆಟ್ರೋಲ್ ತುಂಬಿಸಿಕೊಳ್ಳಿ.